ಅಜ್ಜನ ಅಳತಿ

ಬಹಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ರಿಲೀಸು, ಸಪೋರ್ಟು, ಅದೇ ಹಳೇ ನೆಪಗಳು... ಇರ್ಲಿ ಬಿಡಿ. ಇವತ್ತು ಬರೀತಿರೋದು ಎರಡು ವರ್ಷದಿಂದ ತಲೆಯಲ್ಲಿಟ್ಟುಕೊಂಡು ಓಡಾಡ್ತಿರೋ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಚಹಾ ಮಾಡ್ಕೊಂಡು ಬಂದು ಕೂತ್ಕೊಳ್ಳಿ :-)

ಮೊದಲು ಒಂದು ಪದದ ಕಥೆ. ನಾನು ಕೆಲಸಕ್ಕಂತ ಬೆಂಗಳೂರಿಗೆ ಬಂದ ಹೊಸತು. ರೂಮ್‌ಮೇಟು ಪುತ್ತೂರಿನವ. ನನಗೆ ಜ್ವರ ಬಂದು ಮುಸುಕು ಹೊದ್ದು ಮಲಗಿದ್ದಾಗ ಬಾಗಿಲಲ್ಲಿ ನಿಂತು "ಮದ್ದು ತಗೊಂಡಿಯಾ ಮಾರಾಯ?" ಅಂದ. ನಾನು ಗಾಬರಿಯಾಗಿ ಎದ್ದು ಕೂತೆ. ನಮ್ಮ ಹುಕ್ಕೇರಿ ಕಡೆ ಜ್ವರಕ್ಕೆ ತಗೊಳ್ಳೋದು ಔಷಧ ಅಥವಾ ಗುಳಿಗಿ. ಮದ್ದು ಅಂದರೆ ಜಾತ್ರೆಯಲ್ಲಿ ಸುಡೋದು, ಬಂದೂಕಿಗೆ ತುಂಬೋದು. ಇನ್ನೂ ಒಂದು ಅರ್ಥ ಇದೆ, ಯಾರೋ ಆಗದವರು ಊಟದಲ್ಲಿ ಹಾಕೋದು. ಮೂರರಲ್ಲಿ ಯಾವುದನ್ನೂ ಜ್ವರದಲ್ಲಿ ತಗೊಳ್ಳೋ ಮನಸ್ಸಿರಲಿಲ್ಲ. ಅವತ್ತು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ವಿ. ಆದರೆ ನಮ್ಮ ಮನೆಯಲ್ಲಿ ಈ ಪದದಿಂದ ಮೂರು ಬೆರಳು ಹೋಗಿವೆ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ.

ಬೆರಳು ನಮ್ಮ ಅಜ್ಜನವು. ಎಡಗೈಯಲ್ಲಿ ಹೆಬ್ಬೆರಳೂ ಕಿರುಬೆರಳೂ ಮಾತ್ರ ಉಳಿದಿವೆ. ಎಡಕಿವಿ ಕೇಳಿಸಲ್ಲ. 1984ರಲ್ಲಿ, ಹಿಡಕಲ್ ಡ್ಯಾಮಿನ ಹಿನ್ನೀರಿನ ಕಡೆ ಗುಡ್ಡದ ಬುಡದಲ್ಲಿರೋ ನಮ್ಮ ಹೊಲದಲ್ಲಿ, ಶೇಂಗಾ ಕೀಳೋದಕ್ಕೆ ಇನ್ನು ಎಂಟು ದಿನ ಇರುವಾಗ, ರಾತ್ರಿ ಹಂದಿ ಕಾಯೋದಕ್ಕೆ ಹೋದಾಗ ಬಂದೂಕು ಸಿಡಿಯಿತು. ಬಾರು ತುಂಬೋ ಹಳೇ ಬಂದೂಕು, ಬಾಯಿಂದ ಮದ್ದು ಹಾಕಿ, ಬಟ್ಟೆ ತುರುಕಿ, ಸಣ್ಣ ಸೀಸದ ಗುಂಡು ಹಾಕಿ, ಮತ್ತೆ ಬಟ್ಟೆ ತುರುಕಿ ಕಬ್ಬಿಣದ ಕಡ್ಡಿಯಿಂದ ಜಡಿಯೋದು. ಬೆಳೆ ರಕ್ಷಣೆಗಂತ ಇಂಥ ಬಂದೂಕಿಗೆ ಲೈಸೆನ್ಸು ಕೊಡೋದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ದಾರಿ ಇದೆ, ಅದರ ಹದಿಮೂರನೇ ಕಲಮು ಅದನ್ನ ಹೆಸರು ಹಿಡಿದು ಹೇಳುತ್ತೆ. ಅಜ್ಜನ ಹತ್ತಿರ ಆ ಲೈಸೆನ್ಸು ಇತ್ತು. ಹಂದಿ ಹೊಡೆದದ್ದಕ್ಕಿಂತ ಓಡಿಸಿದ್ದೇ ಹೆಚ್ಚು.

ಊರಿನ ತೀರ್ಮಾನ ಒಂದೇ ದಿನದಲ್ಲಿ ಆಗಿಹೋಯ್ತು. ಅಜ್ಜ ಕತ್ತಲಲ್ಲಿ ಎರಡು ಸಲ ಬಾರು ತುಂಬಿದ್ದಾನೆ, ಅದಕ್ಕೇ ಸಿಡಿದಿದೆ. ಪಂಚನಾಮೆಯಲ್ಲೂ ಅಜ್ಜ ಹಾಗೇ ಹೇಳಿದ, ಮರೆತು ಎರಡನೇ ಸಲ ತುಂಬಿದೆ ಅಂತ. ಲೈಸೆನ್ಸು ಹೋಯ್ತು. ಅಜ್ಜನಿಗೆ "ಡಬಲ್‌ಬಾರ್" ಅಂತ ಹೆಸರು ಬಂತು. ಇವತ್ತಿಗೂ ನಮ್ಮೂರಲ್ಲಿ ಸಾರಿಗೆ ಉಪ್ಪು ಜಾಸ್ತಿ ಆದರೆ "ಡಬಲ್‌ಬಾರ್ ಹಾಕೀ ಏನ?" ಅಂತ ಕೇಳ್ತಾರೆ, ಕೇಳೋ ಹುಡುಗರಿಗೆ ಅದು ಎಲ್ಲಿಂದ ಬಂದದ್ದು ಅನ್ನೋದೂ ಗೊತ್ತಿಲ್ಲ. ಶಾಲೆಯಲ್ಲಿ ನಾನು ಡಬಲ್‌ಬಾರ್ ಮೊಮ್ಮಗ. ಇದಕ್ಕೆಲ್ಲ ನಾನು ಅಷ್ಟು ತಲೆ ಕೆಡಿಸ್ಕೊಂಡವನಲ್ಲ. ಆದರೆ ಅಪ್ಪನದು ಬೇರೆ. ಅಪ್ಪ ಆ ವರ್ಷ ಹತ್ತನೇ ಇಯತ್ತೆ ಮುಗಿಸಿ ಸಂಕೇಶ್ವರದಲ್ಲಿ ಕಾಲೇಜಿಗೆ ಸೇರಿದ್ದ. ಅಜ್ಜ ನಾಲ್ಕು ತಿಂಗಳು ಹಾಸಿಗೆ ಹಿಡಿದ ಮೇಲೆ ಅಪ್ಪ ಕಾಲೇಜು ಬಿಟ್ಟು ನೇಗಿಲು ಹಿಡಿದ. ಜಗಳ ಆಡೋ ಜನ ಅಲ್ಲ ನಮ್ಮ ಮನೆಯವರು. ಆದರೆ ನಾನು ಇಂಜಿನಿಯರಿಂಗಿಗೆ ಸೇರೋ ದಿನ ಅಪ್ಪ ಅಜ್ಜನ ಎದುರಿಗೇ ಒಂದು ಮಾತು ಅಂದಿದ್ದ, "ಆವತ್ತ ಒಂದ್ ಅಳತಿ ಕಡಿಮಿ ಹಾಕಿದ್ರ ನಾನೂ ಓದಿರ್ತಿದ್ದೆ." ಅಜ್ಜ ಏನೂ ಅನ್ನಲಿಲ್ಲ.

ಒಂದು ಮಾತು ಮಾತ್ರ ಅಜ್ಜ ಆಗಾಗ ಹೇಳ್ತಿದ್ದ, ಯಾರೂ ಕಿವಿಗೆ ಹಾಕ್ಕೊಳ್ತಿರಲಿಲ್ಲ. "ಆವತ್ತ ಹೊಗಿನ ಬರಲಿಲ್ಲ ನೋಡು." ಪ್ರಜ್ಞೆ ತಪ್ಪಿ ಬಿದ್ದವನಿಗೆ ಹೊಗೆ ಕಂಡಿತ್ತೋ ಇಲ್ಲವೋ ಯಾರಿಗೆ ಗೊತ್ತು ಅಂತ ಎಲ್ಲರೂ ಸುಮ್ಮನಾಗ್ತಿದ್ವಿ.

ಈಗ ಕಥೆ ಒಮ್ಮೆಲೇ ಅಮೆರಿಕಕ್ಕೆ ಹೋಗುತ್ತೆ, ಕ್ಷಮಿಸಿ. 2023ರಲ್ಲಿ ಏಳು ತಿಂಗಳು ನನ್ನನ್ನ ಆನ್‌ಸೈಟ್ ಕಳಿಸಿದ್ರು, ಕನ್ಸಾಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್‌ಗೆ. ಕ್ಲಯಂಟ್ ಕಡೆ ಡೇಟಾಬೇಸ್ ನೋಡ್ಕೊಳ್ಳೋ ಒಬ್ಬ ಹಿರಿಯರಿದ್ರು, ಅರವತ್ತರ ಮೇಲಿನವರು, ಮಾತು ಕಡಿಮೆ. ಭಾನುವಾರ ಏನ್ಮಾಡ್ತೀಯ ಅಂತ ಕೇಳಿ ಮನೆಗೆ ಕರೆದ್ರು. ಗ್ಯಾರೇಜಿನಲ್ಲಿ ಕಾರು ಇರೋ ಜಾಗದಲ್ಲಿ ಒಂದು ಮರದ ಬೆಂಚು, ಅದರ ಮೇಲೆ ಕೈಯಿಂದ ಒತ್ತೋ ಪ್ರೆಸ್ಸು, ತಕ್ಕಡಿ. ಅವರು ತಮ್ಮ ರೈಫಲಿನ ಕಾಡತೂಸುಗಳನ್ನ ತಾವೇ ತುಂಬಿಕೊಳ್ಳೋರು. ಹಾರಿಸಿದ ಮೇಲೆ ಉಳಿಯೋ ಹಿತ್ತಾಳೆ ಕೊಳವೆಯನ್ನ ತೊಳೆದು, ಅಳತೆಗೆ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು. ಅಲ್ಲಿ ಲಕ್ಷಾಂತರ ಜನ ಮಾಡೋ ಹವ್ಯಾಸ ಇದು, ನಮ್ಮಲ್ಲಿ ಮನೆಯಲ್ಲಿ ಉಪ್ಪಿನಕಾಯಿ ಹಾಕ್ಕೊಂಡ ಹಾಗೆ. ಅಂಗಡಿಯದಕ್ಕಿಂತ ರುಚಿ ಅಂತ ಅವರೂ ಹೇಳ್ತಾರೆ :-) ನಾನು ಏನನ್ನೂ ಮುಟ್ಟಲಿಲ್ಲ ಅಂತ ಇಲ್ಲೇ ಹೇಳಿಬಿಡ್ತೀನಿ. ನನ್ನ ಥರ ಕೆಲಸದ ವೀಸಾದ ಮೇಲೆ ಹೋದವರು ಬಂದೂಕು, ಮದ್ದು ಇಟ್ಟುಕೊಳ್ಳೋದಕ್ಕೆ ಅಲ್ಲಿನ ಕಾನೂನು, ಕೆಲವು ವಿನಾಯಿತಿ ಬಿಟ್ಟು, ಒಪ್ಪಲ್ಲ. ನಾನು ಪಟ್ಟಿ ಬರೆಯೋ ಗುಮಾಸ್ತ ಅಷ್ಟೇ.

ಪಟ್ಟಿ ಯಾಕಂದ್ರೆ ಅವರು ಆ ಬೇಸಿಗೆಯಲ್ಲಿ ಎರಡು ಮದ್ದುಗಳನ್ನ ಹೋಲಿಸಿ ನೋಡ್ತಿದ್ರು. ಒಂದರ ಹೆಸರು ಐಎಂಆರ್ 4895. ಇನ್ನೊಂದರ ಹೆಸರು ಎಚ್ 4895. ಹೌದು, ಅದೇ ನಂಬರು! ನಾನೂ ನಿಮ್ಮ ಹಾಗೇ ಹುಬ್ಬೇರಿಸಿದೆ. ಕಂಪನಿ ಬೇರೆ, ಸರಕು ಒಂದೇ ಇರಬೇಕು ಅಂದ್ಕೊಂಡೆ. ಹಿರಿಯರು ನಕ್ಕು ಇದರ ಇತಿಹಾಸ ಹೇಳಿದ್ರು. 4895 ಅನ್ನೋದು ಎರಡನೇ ಮಹಾಯುದ್ಧದ ಕಾಲದಲ್ಲಿ ಡ್ಯುಪಾಂಟ್ ಕಂಪನಿ ಅಮೆರಿಕದ ಸೈನ್ಯದ ರೈಫಲಿಗೆ ಮಾಡ್ತಿದ್ದ ಮದ್ದು. ಐಎಂಆರ್ ಅಂದ್ರೆ ಸುಧಾರಿತ ಮಿಲಿಟರಿ ರೈಫಲ್ ಮದ್ದು ಅಂತ. ಯುದ್ಧ ಮುಗಿದ ಮೇಲೆ ಸರ್ಕಾರದ ಹತ್ತಿರ ರಾಶಿ ರಾಶಿ ಉಳೀತು. ಬ್ರೂಸ್ ಹಾಜ್ಡನ್ ಅನ್ನೋ ಕನ್ಸಾಸ್‌ನವರು ಅದನ್ನ 50,000 ಪೌಂಡ್ ಕೊಂಡು, ಹುಲ್ಲುಗಾವಲಿನಲ್ಲಿ ಹಳೇ ರೈಲು ಡಬ್ಬಿಯೊಂದರಲ್ಲಿ ತುಂಬಿಟ್ಟು, ಚಿಲ್ಲರೆಯಾಗಿ ಮಾರಿದ್ರು. ಅದರಿಂದ ಹುಟ್ಟಿದ್ದು ಹಾಜ್ಡನ್ ಕಂಪನಿ, ಅವರ ಹೆಸರಿನ ಮೊದಲಕ್ಷರವೇ ಆ ಎಚ್. ಹಳೇ ಸರಕು ತೀರಿದ ಮೇಲೆ ಅದೇ ನಂಬರಿನಲ್ಲಿ ಹೊಸದಾಗಿ ಮಾಡಿಸಿದ್ರು. ಈಗ ಎಚ್ 4895 ಬರೋದು ಆಸ್ಟ್ರೇಲಿಯಾದ ಮುಲ್ವಾಲಾ ಕಾರ್ಖಾನೆಯಿಂದ. ಅವರ ಹತ್ತಿರ ಇದ್ದ ಐಎಂಆರ್ ಡಬ್ಬಿ ಕೆನಡಾದ ಕ್ವಿಬೆಕ್‌ನಲ್ಲಿ ತಯಾರಾದದ್ದು. 2003ರಲ್ಲಿ ಹಾಜ್ಡನ್ ಕಂಪನಿ ಐಎಂಆರ್ ಅನ್ನೂ ಕೊಂಡಿತು, ಹಾಗಾಗಿ ಎರಡು ಡಬ್ಬಿಯ ಮೇಲೂ ಮಾಲೀಕ ಒಬ್ಬನೇ. ಒಳಗಿನ ಮದ್ದು ಮಾತ್ರ ಬೇರೆ ಬೇರೆ.

ನೋಡೋದಕ್ಕೆ ಏನೂ ವ್ಯತ್ಯಾಸ ಗೊತ್ತಾಗಲ್ಲ ಕಣ್ರೀ. ಎರಡೂ ಗ್ರಾಫೈಟ್ ಹಚ್ಚಿದ ಕಪ್ಪು-ಬೂದು ಸಣ್ಣ ಕಡ್ಡಿಗಳು, ಕತ್ತರಿಸಿದ ಪೆನ್ಸಿಲ್ ಸೀಸದ ಥರ. ಬಿಳೀ ತಟ್ಟೆಯಲ್ಲಿ ಪಕ್ಕಪಕ್ಕ ಹಾಕಿ ನೋಡಿದೆ, ಒಂದರ ತುಂಡು ತುಸು ಚಿಕ್ಕದು ಅಷ್ಟೇ.

ಇದಕ್ಕೆ ಉಲ್ಟಾ ಕೇಸೂ ಇದೆ. ಎಚ್ 110 ಅಂತ ಒಂದು, ವಿಂಚೆಸ್ಟರ್ 296 ಅಂತ ಒಂದು, ಹೆಸರು ನೋಡಿದ್ರೆ ಅಜಗಜಾಂತರ, ಆದರೆ ಎರಡು ಡಬ್ಬಿಯಲ್ಲಿ ಇರೋದೂ ಒಂದೇ ಮದ್ದು. ಎಚ್‌ಪಿ 38 ಮತ್ತು ವಿಂಚೆಸ್ಟರ್ 231 ಕೂಡ ಹಾಗೇ. ನಮ್ಮ ಫೀಲ್ಡಿನವರಿಗೆ ಹೇಳೋದಾದ್ರೆ ಒಂದೇ ಹೆಸರಿನ ಎರಡು ಲೈಬ್ರರಿ, ಒಂದೇ ಲೈಬ್ರರಿಗೆ ಎರಡು ಹೆಸರು. ಡಾಕ್ಯುಮೆಂಟೇಶನ್ ಓದದೆ ಕೈ ಹಾಕಿದವನ ಗತಿ ಗೊತ್ತಲ್ಲ. ಯಾವ ಮದ್ದು ಎಷ್ಟು ಬೇಗ ಉರಿಯುತ್ತೆ ಅನ್ನೋದಕ್ಕೆ ಗೋಡೆ ಮೇಲೆ ಒಂದು ದೊಡ್ಡ ಪಟ್ಟಿ ಅಂಟಿಸಿದ್ರು, ಅದರಲ್ಲಿ ಎರಡು 4895ಗಳೂ ಹತ್ತಿರ ಹತ್ತಿರವೇ ಇದ್ವು. "ಈ ಪಟ್ಟಿ ಶಾಲೆಯ ರ‍್ಯಾಂಕ್ ಲಿಸ್ಟ್ ಇದ್ದ ಹಾಗೆ" ಅಂದ್ರು, "ಯಾರ ಹಿಂದೆ ಯಾರು ಅಂತ ಹೇಳುತ್ತೆ, ಎಷ್ಟು ಮಾರ್ಕಿನಿಂದ ಅಂತ ಹೇಳಲ್ಲ." ಒಂದರ ಅಳತೆಯನ್ನ ಇನ್ನೊಂದಕ್ಕೆ ಬಳಸೋ ಹಾಗೇ ಇಲ್ಲ. ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕಿ. ಹೊಸ ಡಬ್ಬಿ ತೆರೆದರೆ, ಅದೇ ಮದ್ದೇ ಆದರೂ, ಕಡಿಮೆಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು.

ಅಳೆಯೋದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನನಗೆ ಅದು ಹಿಡಿತಕ್ಕೆ ಬಂದದ್ದು ನಮ್ಮ ಅಕ್ಕಸಾಲಿಗರ ಗುಲಗಂಜಿ ನೆನಪಾದ ಮೇಲೆ, ಒಂದು ಗುಲಗಂಜಿ ಅಂದರೆ ಹತ್ತಿರ ಹತ್ತಿರ ಎರಡು ಗ್ರೇನ್. ಅವರು ಗ್ರೇನಿನ ಹತ್ತನೇ ಒಂದು ಭಾಗದ ತನಕ ತೂಗ್ತಿದ್ರು. ಅಂದ್ರೆ ಗುಲಗಂಜಿಯ ಇಪ್ಪತ್ತನೇ ಒಂದು ಭಾಗ. ನಮ್ಮ ಹುಕ್ಕೇರಿ ಪ್ಯಾಟ್ಯಾಗಿನ ಬಂಗಾರದಂಗಡಿಯವನೂ ಅಷ್ಟು ನಿಖರವಾಗಿ ತೂಗಿದ್ದನ್ನ ನಾನು ನೋಡಿಲ್ಲ.

ಬೆಂಚಿನ ಮೇಲೆ ಅವರದ್ದೊಂದು ಕಟ್ಟುನಿಟ್ಟು ಇತ್ತು. ಒಂದು ಹೊತ್ತಿಗೆ ಒಂದೇ ಡಬ್ಬಿ. ಅದರ ಕೆಲಸ ಮುಗಿದು, ಉಳಿದದ್ದು ಅದೇ ಡಬ್ಬಿಗೆ ವಾಪಸ್ ಹೋಗಿ, ಡಬ್ಬಿ ಕಪಾಟಿನೊಳಗೆ ಹೋದ ಮೇಲೇ ಎರಡನೆಯದು ಹೊರಗೆ. ಒಂದು ಭಾನುವಾರ ಕಪಾಟಿನ ಮೂಲೆಯಲ್ಲಿ ಲೇಬಲ್ ಕಿತ್ತುಹೋದ ಒಂದು ಡಬ್ಬಿ ಸಿಕ್ಕಿತು. ಅರ್ಧ ಡಬ್ಬಿ ಮದ್ದು. ಅವರು ಮೂಸಿ ನೋಡಲಿಲ್ಲ, ಊಹಿಸಲಿಲ್ಲ, ಎದ್ದು ಹೋಗಿ ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಎರಚಿ ಬಂದ್ರು. "ಹೆಸರು ಗೊತ್ತಿಲ್ಲದ ಮದ್ದು ಗೊಬ್ಬರ" ಅಂದ್ರು. ಅದರಲ್ಲಿ ಸಾರಜನಕ ಇರುತ್ತಲ್ಲ. ನಾನು ಇದನ್ನ ಡೈರಿಯಲ್ಲಿ ಬರ್ಕೊಂಡೆ.

ಜುಲೈನಲ್ಲಿ ಊರಾಚೆಯ ಶೂಟಿಂಗ್ ರೇಂಜಿಗೆ ಹೋದ್ವಿ. .308 ರೈಫಲು, 168 ಗ್ರೇನಿನ ಗುಂಡು, ಮುಂದೆ ವೇಗ ಅಳೆಯೋ ಯಂತ್ರ. ಮೊದಲ ಗುಂಡು ಹಾರಿತು. ನಾನು ಅಂಕಿ ಬರ್ಕೊಳ್ಳೋದು ಬಿಟ್ಟು ರೈಫಲಿನ ಬಾಯನ್ನೇ ನೋಡ್ತಾ ಕೂತೆ. ಅವರು ಏನಾಯ್ತು ಅಂದ್ರು.

ಹೊಗೆ ಬರಲಿಲ್ಲ.

ಸಿನಿಮಾದಲ್ಲಿ ಸಾವಿರ ಸಲ ನೋಡಿದ್ದೆ, ಆದರೆ ಎದುರಿಗೆ ಬಂದೂಕು ಹಾರಿದ್ದನ್ನ ನೋಡಿದ್ದು ಅದೇ ಮೊದಲು. ನನ್ನ ಕಲ್ಪನೆಯ ಬಂದೂಕು ಅಂದರೆ ಕಿತ್ತೂರು ಚನ್ನಮ್ಮನ ನಾಟಕದ್ದು, ಹೈಸ್ಕೂಲಿನಲ್ಲಿ ನಾನೇ ಪಾರ್ಟು ಮಾಡಿದ್ದೆ, ಥ್ಯಾಕರೆ ಬಿದ್ದಾಗ ಪರದೆ ಹಿಂದಿನಿಂದ ಊದುಬತ್ತಿ ಹೊಗೆ ಬಿಡ್ತಿದ್ರು. (ನಮ್ಮ ಕಡೆ ಆ ನಾಟಕದಲ್ಲಿ ಒಂದು ಸೀನು ಖಾಯಂ, ದ್ರೋಹಿಗಳು ಕೋಟೆಯ ಮದ್ದಿಗೆ ಸಗಣಿ ಬೆರೆಸೋದು. ನಿಜವಾಗಿ ಏನು ನಡೀತೋ, ಮದ್ದು ಕೆಟ್ಟು ಮನೆತನ ಕೆಟ್ಟ ಕಥೆ ಬೆಳಗಾವಿ ಜಿಲ್ಲೆಯ ಮಕ್ಕಳಿಗೆಲ್ಲ ಬಾಯಿಪಾಠ.) ಹೊಗೆ ಬರದ ಬಂದೂಕಿನ ಬಗ್ಗೆ ಮಾತಾಡಿದ್ದು ನನಗೆ ಗೊತ್ತಿರೋ ಹಾಗೆ ಅಜ್ಜ ಒಬ್ಬನೇ.

ಮನೆಗೆ ಬರ್ತಾ ಕಾರಿನಲ್ಲಿ ಹಿರಿಯರಿಗೆ ಎಲ್ಲಾ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡೇ ಪ್ರಶ್ನೆ ಕೇಳಿದ್ರು. ನಳಿಗೆ ಎಲ್ಲಿ ಒಡೀತು? ಅಳತೆ ಯಾವುದು?

ನಳಿಗೆಯ ವಿಷಯ ಗೊತ್ತಿತ್ತು, ಹಿಂಭಾಗದಲ್ಲಿ, ಮದ್ದು ಕೂರೋ ಜಾಗದಲ್ಲೇ ಬಾಳೆಹೂವಿನ ಥರ ಬಿಚ್ಚಿಕೊಂಡಿತ್ತು ಅಂತ ಅಪ್ಪ ಹೇಳ್ತಿದ್ದ. ಅಳತೆಯೂ ಇತ್ತು! ಎಮ್ಮೆ ಕೊಂಬಿನ ತುದಿ ಕತ್ತರಿಸಿ ಅಜ್ಜ ಮಾಡಿಕೊಂಡಿದ್ದ ಸಣ್ಣ ಬಟ್ಟಲು. ಬಂದೂಕು ಹೋದ ಮೇಲೆ ಆಯಿ ಅದನ್ನ ಕುದಿಸಿ ತೊಳೆದು ಚಹಾಪುಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದಳು, ನಾವೆಲ್ಲ ಅದರಲ್ಲೇ ಚಹಾಪುಡಿ ಅಳೆದು ಕುಡಿದು ಬೆಳೆದದ್ದು. ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ, ದನಗಳಿಗೆ ಚುಚ್ಚೋ ಸಿರಿಂಜಿನಿಂದ ಆ ಕೊಂಬಿಗೆ ನೀರು ತುಂಬಿ ಎಷ್ಟು ಹಿಡಿಯುತ್ತೆ ನೋಡು ಅಂದೆ. ಅಪ್ಪ ಬೈದ. ಆದರೂ ಮಾಡಿದ. ಐದು ಎಂ.ಎಲ್.ಗಿಂತ ತುಸು ಹೆಚ್ಚು.

ಹಳೇ ಕರಿ ಮದ್ದು, ಅಂದರೆ ಪೆಟ್ಲುಪ್ಪು, ಇದ್ದಲು, ಗಂಧಕದ್ದು, ಹತ್ತಿರ ಹತ್ತಿರ ನೀರಿನಷ್ಟೇ ತೂಗುತ್ತೆ. ಐದು ಗ್ರಾಂ ಚಿಲ್ಲರೆ ಅಂದರೆ ಸುಮಾರು 80 ಗ್ರೇನ್. ಹಳೇ ಕಾಲದವರು ಅದನ್ನ ಮೂರು ಡ್ರಾಮ್ ಅಂತಿದ್ರು. ಆ ಗಾತ್ರದ ಬಂದೂಕಿಗೆ ಅದು ಎಲ್ಲರೂ ಹಾಕ್ತಿದ್ದ ಸಾಧಾರಣ ಬಾರು. ಅಜ್ಜನ ಅಳತೆಯಲ್ಲಿ ಒಂದು ಚೂರೂ ದುರಾಸೆ ಇರಲಿಲ್ಲ.

ಈಗ ಹೊಗೆ. ಕರಿ ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲ ಆಗೋದೇ ಇಲ್ಲ, ಬೂದಿಯಾಗಿ, ಹೊಗೆಯಾಗಿ ಹೊರಗೆ ಬರುತ್ತೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ನೈಟ್ರೋಸೆಲ್ಯುಲೋಸಿನಿಂದ ಮಾಡಿದ ಹೊಗೆರಹಿತ ಮದ್ದು ಬಹುತೇಕ ಪೂರ್ತಿ ಅನಿಲವೇ ಆಗುತ್ತೆ. ಅದೇ ತೂಕಕ್ಕೆ ಸುಮಾರು ಮೂರು ಪಟ್ಟು ಕಸುವು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಒತ್ತಡ ಏರಿದ ಹಾಗೆ ಈ ಮದ್ದು ಇನ್ನೂ ಜೋರಾಗಿ ಉರಿಯುತ್ತೆ, ಜೋರಾಗಿ ಉರಿದ ಹಾಗೆ ಒತ್ತಡ ಇನ್ನೂ ಏರುತ್ತೆ. ಅದನ್ನ ತಡೆಯೋ ಹಾಗೆ ಕಟ್ಟಿದ .308 ರೈಫಲಿಗೆ ಚದರ ಇಂಚಿಗೆ 62,000 ಪೌಂಡ್ ತನಕ ಮಿತಿ ಇಟ್ಟಿದ್ದಾರೆ. ಅಜ್ಜನ ಬಂದೂಕಿನಂಥದ್ದಕ್ಕೆ ಅದರ ಕಾಲು ಭಾಗವೂ ಭಾರ. ಇನ್ನು ಅಂಗಡಿಯಲ್ಲಿ ಸಿಗೋ 12 ಬೋರ್ ಕಾಡತೂಸಿನಲ್ಲಿ ಇರೋದೂ ಹೊಗೆರಹಿತ ಮದ್ದೇ, ಆದರೆ ಇಪ್ಪತ್ತು-ಇಪ್ಪತ್ತೈದು ಗ್ರೇನ್ ಆಸುಪಾಸು ಮಾತ್ರ. ಹಳೇ ಪೆಟ್ಟಿಗೆಗಳ ಮೇಲೆ "3 ಡ್ರಾಮ್ ಸಮಾನ" ಅಂತ ಅಚ್ಚು ಹಾಕ್ತಿದ್ರಂತೆ, ಮೂರು ಡ್ರಾಮ್ ಕರಿ ಮದ್ದು ಕೊಡೋ ವೇಗವನ್ನೇ ಇದೂ ಕೊಡುತ್ತೆ ಅನ್ನೋ ಅರ್ಥದಲ್ಲಿ. ಅದನ್ನ ನಿಜವಾಗಿ ಮೂರು ಡ್ರಾಮ್ ಅಂತ ಓದಿ ಹೊಗೆರಹಿತ ಮದ್ದನ್ನೇ ಅಷ್ಟು ತುಂಬಿ ಬಂದೂಕು ಸಿಡಿಸಿಕೊಂಡವರ ಕಥೆ ಅಲ್ಲೂ ಇವೆ. ಇಂಗ್ಲಿಷ್ ಓದೋಕೆ ಬರೋವರದ್ದು!

ಹಿರಿಯರು ಕೊನೆಗೆ ಹೇಳಿದ್ದು ಇಷ್ಟು. "ಕರಿ ಮದ್ದು ಎರಡು ಅಳತೆ ಹಾಕಿದ್ರೆ ಭುಜ ಮುರೀಬಹುದು, ದಟ್ಟ ಹೊಗೆ ಬರಬೇಕಿತ್ತು. ಹೊಗೆ ಬರಲಿಲ್ಲ, ಮದ್ದು ಕೂರೋ ಜಾಗದಲ್ಲೇ ಬಿಚ್ಚಿಕೊಳ್ತು ಅಂದ್ರೆ, ನಾನಾಗಿದ್ರೆ ಎಷ್ಟು ಹಾಕಿದ್ರಿ ಅಂತ ಕೇಳ್ತಿರಲಿಲ್ಲ, ಯಾವುದನ್ನ ಹಾಕಿದ್ರಿ ಅಂತ ಕೇಳ್ತಿದ್ದೆ."

ಅವರ ಹೋಲಿಕೆ ಏನಾಯ್ತು ಅಂತ ಕೇಳೋರಿಗೆ: ಜುಲೈನಲ್ಲಿ ಎರಡು 4895ಗಳೂ ಸೆಕೆಂಡಿಗೆ 2600 ಅಡಿ ಆಸುಪಾಸಿನಲ್ಲಿ, ಒಂದಕ್ಕಿಂತ ಒಂದು ಮೂವತ್ತು-ನಲವತ್ತು ಅಡಿ ಆಚೀಚೆ. ಡಿಸೆಂಬರಿನ ಕೊರೆಯೋ ಚಳಿಯಲ್ಲಿ ಮತ್ತೆ ಹಾರಿಸಿದಾಗ ಐಎಂಆರ್ ಜಾಸ್ತಿ ಇಳೀತು, ಎಚ್ ಅಷ್ಟು ಇಳಿಯಲಿಲ್ಲ. ಎಚ್ 4895 ಚಳಿ-ಬಿಸಿಲಿಗೆ ಕಡಿಮೆ ಅಲ್ಲಾಡೋ ಹಾಗೆ ಮಾಡಿದ್ದು ಅಂತ ಕಂಪನಿಯವರೂ ಹೇಳ್ಕೊಳ್ತಾರೆ. ಆದರೆ ಐದೈದು ಗುಂಡಿನಲ್ಲಿ ಏನು ಸಾಬೀತಾಗುತ್ತೆ? ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಶುರು ಮಾಡಿದೆ, ಅವರು ಕಾಫಿ ತರೋಕೆ ಎದ್ದು ಹೋದ್ರು.

2024ರ ಸಂಕ್ರಾಂತಿಗೆ ಊರಿಗೆ ಬಂದೆ. ಆಯಿ ತೀರಿಕೊಂಡು ಮೂರು ವರ್ಷ ಆಗಿತ್ತು. ಅಜ್ಜ ಪಡಸಾಲೆಯಲ್ಲಿ ಬಿಸಿಲಿಗೆ ಕೂತಿದ್ದ. ನಾನು ಬಲಗಿವಿಯ ಕಡೆ ಕೂತು, "ಅಜ್ಜಾ, ಆವತ್ತ ಮದ್ದು ಎಲ್ಲಿಂದ ತಂದಿದ್ದಿ?" ಅಂತ ಕೇಳಿದೆ.

ಅಜ್ಜ ನನ್ನ ಮುಖ ನೋಡಿದ. "ಯಾಕೋ ತಮ್ಮಾ?"

"ಬೆಳಗಾವಿ ಅಂಗಡೀದಲ್ಲ ಅದು."

ಬಹಳ ಹೊತ್ತಾದ ಮೇಲೆ, "ನಿನಗ್ಯಾರ ಹೇಳಿದ್ರು?" ಅಂದ. ಯಾರೂ ಹೇಳಿಲ್ಲ, ಹೊಗೆ ಹೇಳಿತು ಅಂದೆ. ನಾನು ತಿಳಿದದ್ದನ್ನೆಲ್ಲ ಹೇಳಿದೆ, ಕೊಂಬಿನ ಅಳತೆ, ಎಂಬತ್ತು ಗ್ರೇನು, ಮೂರು ಪಟ್ಟು. ಅಜ್ಜನಿಗೆ ಗ್ರೇನು ಬೇಕಾಗಿರಲಿಲ್ಲ. ಮೂರು ಪಟ್ಟು ಅನ್ನೋದು ಮಾತ್ರ ಎರಡು ಸಲ ಕೇಳಿದ.

ಆಮೇಲೆ ಅಜ್ಜ ಹೇಳಿದ. ಮದ್ದು ಕೊಟ್ಟದ್ದು ಆಯಿಯ ತಮ್ಮ, ಅಪ್ಪನ ಸೋದರಮಾವ, ಗೋಕಾಕದ ಕಡೆಯವನು. ಅವನ ಹತ್ತಿರ ಲೈಸೆನ್ಸಿದ್ದ 12 ಬೋರ್ ಬಂದೂಕಿತ್ತು. ಅಜ್ಜನ ಮದ್ದು ಮಳೆಗೆ ತೋಯ್ದು ಹೋಗಿತ್ತು, ಶೇಂಗಾ ಕಾಯೋ ಹೊತ್ತು, ಬೆಳಗಾವಿಗೆ ಹೋಗಿ ಬರೋದಕ್ಕೆ ಪುರಸೊತ್ತಿಲ್ಲ. ಮಾಮಾ ತನ್ನ ಹತ್ತಿರ ಹಳೇ ಕಾಡತೂಸು ಇವೆ ಅಂತ ಒಡೆದು ಒಳಗಿನ ಮದ್ದನ್ನ ಪುಡಿಕೆ ಕಟ್ಟಿ ತಂದುಕೊಟ್ಟ. "ಮದ್ದು ಅಂದ್ರ ಮದ್ದು. ಅದೂ ಕರೇದು, ಇದೂ ಕರೇದು. ಅಳತಿ ಗೀಟಿಗೆ ತುಂಬಿ ಹಾಕಿನ್ಯೋ, ಒಂದ ಅಳತಿ." ಬಾರು ತುಂಬೋ ಮುಂಚೆ ಮಾಮಾನೂ ಅಲ್ಲೇ ಹೊಲದಲ್ಲಿ ಕೂತು ಎಲೆ-ಅಡಿಕೆ ಹಾಕಿ ಹೋಗಿದ್ದನಂತೆ.

ಕಾಡತೂಸಿನ ಮದ್ದು ಲೈಸೆನ್ಸಿಲ್ಲದವರಿಗೆ ಕೊಡೋದು ಗುನ್ನೆ ಅಂತ ಇಬ್ಬರಿಗೂ ಗೊತ್ತಿತ್ತು. ಮಾಮಾನಿಗೆ ಆಗ ಮೂರು ಸಣ್ಣ ಮಕ್ಕಳು. ಅಜ್ಜ ದವಾಖಾನೆಯಲ್ಲಿ ಪ್ರಜ್ಞೆ ಬಂದ ಮೇಲೆ ಪೊಲೀಸರಿಗೆ ಹೇಳಿದ ಮೊದಲ ಮಾತೇ "ಎರಡ ಸಲ ತುಂಬೀನ್ರೀ". ಆಯಿಗೂ ಹೇಳಲಿಲ್ಲ. ತಮ್ಮನಿಂದ ಗಂಡನ ಕೈ ಹೋಯ್ತು ಅಂತ ಅವಳಿಗೆ ಗೊತ್ತಾದ್ರೆ ತವರುಮನೆ ಬಾಗಿಲು ಮುಚ್ಚುತ್ತೆ ಅಂತ.

"ಆದ್ರ ನಾ ತಿಳಕೊಂಡಿದ್ದು," ಅಂದ ಅಜ್ಜ, "ನಾನ ಕಡ್ಡೀಲೆ ಭಾಳ ಜಡದಿದ್ನೇನೋ ಅಂತ. ಇಷ್ಟ ವರ್ಷ ಅದನ್ನ ತಿಳಕೊಂಡೀನಿ."

ಮಾಮಾನಿಗೆ ಗೊತ್ತಿತ್ತಾ ಅಂತ ಕೇಳಿದೆ. ಮಾಮಾ 2019ರಲ್ಲೇ ಹೋದ. "ಗೊತ್ತಿತ್ತೋ ಏನೋ. ಆಮ್ಯಾಲ ಅಂವ ಎಂದೂ ಬಂದೂಕ ಮುಟ್ಟಲಿಲ್ಲ. ಮಾರಿಬಿಟ್ಟ." ನನಗೆ ಆಗ ಒಂದೊಂದೇ ನೆನಪಾದ್ವು. ಮಾಮಾ ಪ್ರತಿ ಸುಗ್ಗಿಗೆ ಆಳು ಕರ್ಕೊಂಡು ಬಂದು ನಮ್ಮ ಹೊಲದಲ್ಲಿ ನಿಲ್ತಿದ್ದದ್ದು. ಬಂದಾಗಲೆಲ್ಲ ಗೋಕಾಕದ ಕರದಂಟು, ಮೊದಲು ಅಜ್ಜನ ಬಾಯಿಗೆ, ಆಮೇಲೆ ನಮಗೆ. 2015ರಲ್ಲಿ ನನ್ನ ಇಂಜಿನಿಯರಿಂಗಿನ ಮೊದಲ ವರ್ಷದ ಫೀ ಅವನೇ ಕಟ್ಟಿದ್ದ, ಅಪ್ಪ ಬೇಡ ಅಂದರೂ. ಅದನ್ನ ನಾವೆಲ್ಲ ಸೋದರಮಾವನ ಅಕ್ಕರೆ ಅಂದ್ಕೊಂಡಿದ್ವಿ. ಅಕ್ಕರೆಯೂ ಇರಬಹುದು, ನಾನ್ಯಾರು ಲೆಕ್ಕ ಹಾಕೋಕೆ.

ತಿರುಗಿ ನೋಡಿದ್ರೆ ಒಳಬಾಗಿಲಲ್ಲಿ ಅಪ್ಪ ಚಹಾದ ಕಪ್ಪು ಹಿಡ್ಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಕಪ್ಪು ಅಜ್ಜನ ಬಲಗೈಗೆ ಕೊಟ್ಟು, "ಥ್ರೀಫೇಜ್ ಕರೆಂಟ್ ಬಂತು" ಅಂತ ಪಂಪ್ ಹಚ್ಚೋದಕ್ಕೆ ಹೊಲಕ್ಕೆ ಹೋಗಿಬಿಟ್ಟ. ರಾತ್ರಿ ಊಟ ಆದ ಮೇಲೆ ನನ್ನ ಹತ್ತಿರ ಬಂದು, "ಅದೇನೋ ಮೂರ ಪಟ್ಟ ಅಂದ್ಯಲ್ಲ, ಲೆಕ್ಕಾ ತೋರಸು" ಅಂದ. ಡೈರಿ ತೆಗೆದು ತೋರಿಸಿದೆ. ಅಪ್ಪ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದ. ಒಂದು ಕಡೆ ನಾನು ಡ್ರಾಮನ್ನ ಗ್ರೇನಿಗೆ ಮಾಡೋದ್ರಲ್ಲಿ ಗುಣಾಕಾರ ತಪ್ಪಿದ್ದೆ, ಅದನ್ನ ಹಿಡಿದ. ಪೆನ್ನು ಇಸ್ಕೊಂಡು ತಿದ್ದಿದ. ಆಮೇಲೆ ಡೈರಿ ಮಡಚಿಕೊಟ್ಟು ಅಜ್ಜನ ಕೋಣೆಗೆ ಹೋದ. ಒಳಗೆ ಏನು ಮಾತಾಡಿದ್ರೋ ನನಗೆ ಕೇಳಲಿಲ್ಲ, ಅಜ್ಜನ ಕಿವಿಗಾಗಿ ಅಪ್ಪ ಯಾವಾಗಲೂ ಕೂಗಿ ಮಾತಾಡ್ತಾನೆ, ಅವತ್ತು ಕೂಗಲಿಲ್ಲ.

ಇದನ್ನ ಬರೀಲಾ ಅಂತ ಮೊನ್ನೆ ಊರಿಗೆ ಹೋದಾಗ ಅಜ್ಜನನ್ನ ಕೇಳಿದೆ. "ಬರಿ. ಹೆಸರ ಹಾಕಬ್ಯಾಡ, ಅವಂದೂ ಹಾಕಬ್ಯಾಡ" ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದ.

"ಆ ಅಮೇರಿಕಾದಾಂವ ಮದ್ದು ಹುಲ್ಲಿಗೆ ಹಾಕಿದ ಅಂದ್ಯಲ್ಲ... ಹುಲ್ಲು ಚಲೋ ಬಂತೇನು?"

ನಾನು ಅದನ್ನ ಕೇಳಿರಲೇ ಇಲ್ಲ. ಹಿರಿಯರಿಗೆ ನಿನ್ನೆ ಮೇಲ್ ಹಾಕಿದ್ದೀನಿ, ಇನ್ನೂ ಉತ್ತರ ಬಂದಿಲ್ಲ.